ಸಾಸಿವೆ ಸಿಡಿಯದ ಮನೆ

ಒಂದಾನೊಂದು ಊರು. ಊರಿನ ಕೊನೆಗೊಂದು ಹೆಂಚಿನ ಮನೆ. ಆ ಮನೆಯಲ್ಲೊಬ್ಬ ತಾಯಿ, ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ನೆಲ ಕಾದು ಕೆಂಡವಾಗಿದ್ದ ಒಂದು ಮಧ್ಯಾಹ್ನ ಅವರ ಬಾಗಿಲಿಗೆ ಮುದುಕಿಯೊಬ್ಬಳು ಬಂದಳು. ಹಣೆ ತುಂಬ ಕುಂಕುಮ, ತುರುಬಿನಲ್ಲಿ ಬೇವಿನ ಚಿಗುರು. "ನಡ್ದು ನಡ್ದು ಮೈ ಉರೀತಾ ಅದೆ ಕಣವ್ವ. ನಿನ್ ಕಿರೀ ಮಗಳ ಮೈಮ್ಯಾಲೆ ಒಸಿ ಕೂತು ದಣಿವಾರಿಸ್ಕಂಡು ಓಯ್ತೀನಿ. ನಾನಿರೋಗಂಟ ನಿನ್ ಒಲೆ ಮ್ಯಾಲೆ ಎಣ್ಣೆ ಕಾಯ್ಬಾರ್ದು, ಸಾಸ್ವೆ ಸಿಡೀಬಾರ್ದು. ಸದ್ದಾದ್ರೆ ಬೆಚ್ಬಿದ್ದೋಯ್ತೀನಿ" ಎಂದಳು. ತಾಯಿ ಆಗಲವ್ವ ಎಂದಳು. ಬಂದವಳು ಮಾರಮ್ಮ. ಕಿರಿಯ ಮಗಳ ಮೈಮೇಲೆ ರಾತ್ರಿಯಾಗುವಷ್ಟರಲ್ಲಿ ಮುತ್ತಿನಂಥ ಗುಳ್ಳೆ ಎದ್ದವು. ಮನೆಯಲ್ಲಿ ಒಗ್ಗರಣೆ ನಿಂತಿತು. ಆದರೆ ಒಂದು ದಿನ ತಾಯಿಯ ನಾಲಿಗೆ ಸೋತಿತು. ಬಾಣಲೆ ಇಟ್ಟಳು, ಸಾಸಿವೆ ಚಟಪಟ ಎಂದಿತು. ಮಾರಮ್ಮ ಬೆಚ್ಚಿ ಎದ್ದಳು. ಎದ್ದವಳು ಆ ಕೂಸಿನ ಎರಡು ಕಣ್ಣನ್ನೂ ಮಡಿಲಿಗೆ ಹಾಕಿಕೊಂಡು ಹೊರಟೇ ಹೋದಳು.

ಇದು ನಮ್ಮಜ್ಜಿ ದೇವಿರಮ್ಮ ಹೇಳುತ್ತಿದ್ದ ಕಥೆ. ಅಪ್ಪ ಅವ್ವ ಇಬ್ಬರೂ ಬೇಗ ಹೋದದ್ದರಿಂದ ನನ್ನನ್ನೂ ಅಣ್ಣ ಯತೀಶನನ್ನೂ ಸಾಕಿದವಳು ಅವಳೇ. ಅಣ್ಣ ಮುದ್ದೆ ತಿಂದು ಬೆಳೆದ, ಈ ಕುಸುಮ ಕಥೆ ತಿಂದು ಬೆಳೆದಳು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಬಿ.ಎ. ಮುಗಿಸಿದ ಮೇಲೂ ನಾಲೆಯ ಏರಿಯ ಮೇಲೆ ನಡೆಯುವಾಗ ನೀರಿನ ತಳದಲ್ಲಿ ನನಗೆ ಏಳು ಸುತ್ತಿನ ಕೋಟೆ ಕಾಣುತ್ತಿತ್ತು. ರಾಕ್ಷಸರ ಕಥೆ, ಹಾವಿನ ಕಥೆ ಯಾವುದಕ್ಕೂ ನಾನು ಅಷ್ಟಾಗಿ ಹೆದರಿದವಳಲ್ಲ. ಆದರೆ ಈ ಕಥೆ ಬಂದರೆ ಮೈ ತಣ್ಣಗಾಗುತ್ತಿತ್ತು. ಇದರಲ್ಲಿ ದೂರದ ಕಾಡಿಲ್ಲ, ಕೋಟೆಯಿಲ್ಲ. ಇರುವುದು ಒಂದು ಒಲೆ, ಒಂದು ಬಾಣಲೆ. ಅವು ನಮ್ಮ ಮನೆಯಲ್ಲೂ ಇದ್ದವು.

ಹೋದ ಯುಗಾದಿಯಾದ ಮರುವಾರ, ಚಿಕ್ಕರಸಿನಕೆರೆ ಆಚೆಗಿರುವ ನಮ್ಮೂರಿನಲ್ಲಿ, ನಮ್ಮದೇ ಮನೆಯಲ್ಲಿ, ಅಣ್ಣನ ಮಗಳು ತೇಜುಗೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದಿತು. ಇನ್ನೂ ಐದು ತುಂಬದ ಕೂಸು. ಅಜ್ಜಿ ಬಾಗಿಲಿಗೆ ಬೇವು ಸಿಕ್ಕಿಸಿದಳು. ಎಣ್ಣೆ ಡಬ್ಬ, ಸಾಸಿವೆ ಡಬ್ಬಿ ಅಟ್ಟ ಸೇರಿದವು. ಬಾಡು, ಮೊಟ್ಟೆ, ನುಗ್ಗೆಸೊಪ್ಪು, ಪರಂಗಿಹಣ್ಣು, ಹುಚ್ಚೆಳ್ಳಿನ ಪುಡಿ, ಎಲ್ಲ ಉಷ್ಣವೆಂದು ಬಂದ್ ಆಯಿತು. ಇದರಲ್ಲಿ ಹೊಸದೇನಿಲ್ಲ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ. ಗುಳ್ಳೆ ಬಾಡಿದ ಮೇಲೆ ಬೇವು ಅರಿಸಿನದ ಮೂರು ನೀರು ಹಾಕಿ ಮೀಯಿಸುತ್ತಾರೆ, ಮಾರಮ್ಮನ ಗುಡಿಗೆ ಮೊಸರನ್ನದ ತಂಪು ಕೊಟ್ಟು ಬರುತ್ತಾರೆ, ಅವತ್ತೇ ಮನೆಯಲ್ಲಿ ಒಗ್ಗರಣೆ ಬೀಳುತ್ತದೆ.

ತೇಜುಗೆ ಎರಡು ನೀರಾಯಿತು. ಮೂರನೆಯ ನೀರಿನ ದಿನ ಮೈ ಉಜ್ಜುತ್ತಿದ್ದ ಅಜ್ಜಿಯ ಕೈ ಮಗುವಿನ ಮೊಣಕೈ ಮೇಲೆ ನಿಂತಿತು. ಅಲ್ಲಿ ಚರ್ಮ ಒಣಗಿ ಒರಟಾಗಿತ್ತು.

"ಅಮ್ಮ ಇನ್ನೂ ಓಗಿಲ್ಲ ಕಣವ್ವ" ಎಂದಳು. ಚೊಂಬು ಕೆಳಗಿಟ್ಟಳು.

ಮೂರನೆಯ ನೀರು ಮುಂದಕ್ಕೆ ಹೋಯಿತು. ಆಮೇಲೆ ಇನ್ನೂ ಮುಂದಕ್ಕೆ ಹೋಯಿತು. ವಾರ ಕಳೆದ ಹಾಗೆ ಒರಟು ಜಾಸ್ತಿಯಾಯಿತು. ಮೊಣಕೈ, ಮೊಣಕಾಲು, ಬೆನ್ನು, ಎಲ್ಲ ಕಡೆ ಸಣ್ಣ ಮುಳ್ಳಿನಂಥ ಗಟ್ಟಿ ಗುಳ್ಳೆಗಳು. ಕೈಯಾಡಿಸಿದರೆ ಹಲಸಿನಕಾಯಿ ಸವರಿದ ಹಾಗೆ. ಗುಳ್ಳೆ ಹೆಚ್ಚಿದಷ್ಟೂ ಅಜ್ಜಿಯ ಪಥ್ಯ ಬಿಗಿಯಾಯಿತು. ಅಂಗನವಾಡಿಯಲ್ಲಿ ಮೊಟ್ಟೆ ಕೊಡುತ್ತಾರೆಂದು ಅಲ್ಲಿಗೂ ಕಳಿಸಲಿಲ್ಲ. ತೇಜು ತಿನ್ನುತ್ತಿದ್ದುದು ಮುದ್ದೆ, ಉಪ್ಪು ಹಾಕಿದ ಬೇಳೆಕಟ್ಟು, ಕಡೆದು ಬೆಣ್ಣೆ ತೆಗೆದ ಮಜ್ಜಿಗೆ. ಹಾಲು ಕಂಡರೆ ಮೊದಲಿಂದಲೂ ಅವಳಿಗೆ ಆಗದು. ಸೊಪ್ಪು ಬೇಯಿಸಿಟ್ಟರೆ, ಒಗ್ಗರಣೆಯಿಲ್ಲದ ಆ ಹಸಿರು ಮುದ್ದೆಯನ್ನು ಥೂ ಎಂದು ಉಗುಳುತ್ತಿದ್ದಳು.

ಅಜ್ಜಿ, ನಾನು, ತೇಜು ಮೂವರೂ ತಿಂದದ್ದು ಅದೇ. ಅಣ್ಣ ಕಬ್ಬಿನ ಟ್ರಾಕ್ಟರು ಹೊಡೆಯುವವನು, ಫ್ಯಾಕ್ಟರಿಗೆ ಅಂತ ಕೆ.ಎಂ.ದೊಡ್ಡಿಗೆ ಹೋದವನು ಹೋಟೆಲಿನಲ್ಲೇ ಉಂಡು ಬರುತ್ತಿದ್ದ. ಅತ್ತಿಗೆ ಶ್ವೇತ ಸೋಮನಹಳ್ಳಿ ಹತ್ತಿರದ ಗಾರ್ಮೆಂಟ್ಸಿಗೆ ಬೆಳಗಿನ ಬಸ್ಸಿಗೆ ಹೋದರೆ ಕತ್ತಲಿಗೆ ಬರುವವಳು. ಅವಳ ಮಧ್ಯಾಹ್ನದ ಊಟವೂ ಅಲ್ಲೇ.

ಶ್ರಾವಣ ಬಂತು. ಒಂದು ಸಂಜೆ, ಹಟ್ಟಿ ಬಾಗಿಲಲ್ಲಿ ಇನ್ನೂ ಬೆಳಕಿತ್ತು. ಎದುರು ಮನೆಯ ಗೋಡೆ ಮೇಲೆ ಬೆಕ್ಕು ನಡೆಯುವುದು ನನಗೆ ಚೆನ್ನಾಗಿ ಕಾಣುತ್ತಿತ್ತು. ನಡುಮನೆಯ ಬಲ್ಬೂ ಉರಿಯುತ್ತಿತ್ತು. ತೇಜು ಕೋಣೆಯಿಂದ ಬಂದಳು. ಎರಡು ಕೈ ಮುಂದೆ ಚಾಚಿ, ಗೋಡೆ ತಡಕುತ್ತಾ ಬಂದಳು. ಆಟವಾಡುತ್ತಿದ್ದಾಳೆ ಅಂದುಕೊಂಡೆ.

"ಅತ್ತೆ, ಕರೆಂಟು ಯಾಕೋಯ್ತು?"

"ಕರೆಂಟ್ ಇದೆಯಲ್ಲೇ ಪುಟ್ಟ."

"ಇಲ್ಲ, ಓಗದೆ. ನೀನೆಲ್ಲಿದ್ದೀಯಾ?"

ನಾನು ಅವಳಿಗೆ ಮೂರು ಮಾರು ದೂರದಲ್ಲಿದ್ದೆ. ಹತ್ತಿರ ಹೋಗಿ ಬೆರಳು ಅವಳ ಮುಖದ ಮುಂದೆ ಆಡಿಸಿದೆ. ಅವಳು ನನ್ನ ದನಿ ಬಂದ ಕಡೆ ನೋಡುತ್ತಾ, ನನ್ನ ಕಿವಿಯ ಪಕ್ಕದಲ್ಲೆಲ್ಲೋ ನೋಡುತ್ತಾ ನಕ್ಕಳು.

ಅಜ್ಜಿ ಅಡುಗೆಮನೆಯಿಂದ ಎದ್ದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಮಗುವನ್ನು ನೋಡಲಿಲ್ಲ, ಮಾತಾಡಿಸಲಿಲ್ಲ. ಆಗಷ್ಟೇ ಟ್ರಾಕ್ಟರು ನಿಲ್ಲಿಸಿ ಒಳಗೆ ಬಂದ ಅಣ್ಣನ ಎದುರು ನಿಂತಳು.

"ಯಾರ್ಲಾ ಈ ಮನೇಲಿ ಒಗ್ಗರಣೆ ಆಕಿದ್ದು?"

"ನಂಗೇನ್ ಗೊತ್ತಜ್ಜಿ? ನಾನ್ ಯಾವತ್ತು ಒಲೆ ಮುಟ್ಟಿದ್ದೀನಿ?"

"ಅಂಗಿ ತೋರ್ಸ್ಲಾ ಇಲ್ಲಿ. ಇದೇನಿದು ಎಣ್ಣೆ ಕರೆ? ಮದ್ದೂರು ವಡೆ ತಿಂದು ಇದೇ ಮೈಯಲ್ಲಿ ಕೂಸುನ್ನ ಎತ್ಕಂಡಿದ್ದೀಯ. ಸುಳ್ಳಾ?"

"ಅಜ್ಜಿ, ಅದು ಟ್ರಾಕ್ಟರ್ ಗ್ರೀಸು ಕಣಜ್ಜಿ. ಬೇಕಾದ್ರೆ ಮೂಸ್ ನೋಡು."

"ನಿನ್ ಮೊಕ ಮೂಸ್ಬೇಕಾ ನಾನು? ತೊಲಗ್ಲಾ ಅತ್ಲಾಗೆ."

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವತ್ತು ಯಾರಿಗೂ ನಗು ಬರಲಿಲ್ಲ. ನಾನು ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದ ಕಥೆಯ ಕೊನೆಯ ಸಾಲು ನಮ್ಮ ನಡುಮನೆಯಲ್ಲಿ ಕೈಚಾಚಿಕೊಂಡು ನಿಂತಿತ್ತು.

ಅತ್ತಿಗೆ ಬಂದವಳು ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಕೂತಳು. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದಳು. "ನಾಳೆ ಲೋಡು ಓಯ್ತದೆ, ರಜ ಕೇಳಿದ್ರೆ ಸೂಪರ್‌ವೈಸರ್ ಕೆಲ್ಸಕ್ಕೇ ಬರ್ಬೇಡ ಅಂತಾನೆ. ನೀನೇ ಮಂಡ್ಯಕ್ಕೆ ಕರ್ಕೊಂಡೋಗು ಕುಸುಮ. ಅಜ್ಜಿಗೆ ಯೋಳ್ಬೇಡ. ಅಮ್ಮ ಇರೋ ಮೈಗೆ ಔಸ್ದಿ ಅಂದ್ರೆ ಬಾಗ್ಲಿಗೆ ಅಡ್ಡ ಮಲೀಕತದೆ ಅಜ್ಜಿ."

ಮಾರ್ಕ್ಸ್ ಕಾರ್ಡ್ ತರಬೇಕು, ತೇಜುಗೂ ಬಸ್ಸು ತೋರಿಸಿದ ಹಾಗಾಗುತ್ತದೆ ಎಂದು ಅಜ್ಜಿಗೆ ಹೇಳಿ ಹೊರಟೆ. ದಾರಿಯುದ್ದಕ್ಕೂ ತೇಜು ಕಿಟಕಿಯಲ್ಲಿ ಕಬ್ಬಿನ ಗದ್ದೆ, ಎಮ್ಮೆ, ಬೋರ್ಡು ಎಲ್ಲವನ್ನೂ ತೋರಿಸುತ್ತಾ ಬಂದಳು. ಹಗಲು ಹೊತ್ತಿನಲ್ಲಿ ಎಲ್ಲ ಕಾಣುತ್ತಿತ್ತು ಅವಳಿಗೆ. ಅದೇ ನನಗೆ ಇನ್ನೂ ಹೆದರಿಕೆ. ಮಾರಮ್ಮ ಕಣ್ಣನ್ನು ಒಮ್ಮೆಗೇ ಒಯ್ಯದೆ, ಸಂಜೆ ಸಂಜೆಗೆ ಬಂದು ಒಂದೊಂದು ಹಿಡಿ ಒಯ್ಯುತ್ತಿದ್ದಾಳೆ ಎನ್ನಿಸುತ್ತಿತ್ತು.

ಮಂಡ್ಯದ ಚರ್ಮದ ಡಾಕ್ಟರಮ್ಮ ತೇಜುವಿನ ಮೊಣಕೈ ಮೇಲೆ ಬೆರಳಾಡಿಸಿದರು. ಬೆನ್ನು ನೋಡಿದರು. ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. "ಸಂಜೆ ಕಣ್ಣು ಕಾಣುತ್ತಾ?" ಎಂದು ನಾನು ಹೇಳುವ ಮೊದಲೇ ಕೇಳಿದರು. ಇಲ್ಲವೆಂದೆ.

"ಏನು ತಿಂತಾಳೆ?"

ಹೇಳಿದೆ. ಎಂದಿನಿಂದ ಅಂತಲೂ ಹೇಳಿದೆ. ಅವರ ಕೈಯಲ್ಲಿದ್ದ ಪೆನ್ನು ನಿಂತಿತು.

"ಯುಗಾದಿಯಿಂದ ಎಣ್ಣೆ ಇಲ್ವಾ? ತುಪ್ಪ? ಮೊಟ್ಟೆ? ಒಂದು ತುತ್ತು ಸೊಪ್ಪು?"

"ಅಮ್ಮ ಇದೆ ಅಂತ ಡಾಕ್ಟ್ರೆ..."

"ಅಮ್ಮ ಅವತ್ತೇ ಹೋಗಿದ್ದಾಳಮ್ಮ. ಇದು ಹಸಿವು. ಹೊಟ್ಟೇದಲ್ಲ, ಚರ್ಮದ್ದು. ಚರ್ಮಕ್ಕೂ ಕಣ್ಣಿಗೂ ಊಟ ಬೇಕು. ಅದು ಇರೋದು ಸೊಪ್ಪಲ್ಲಿ, ಹಳದಿ ಹಣ್ಣಲ್ಲಿ, ಮೊಟ್ಟೇಲಿ, ಎಣ್ಣೇಲಿ. ಸೊಪ್ಪು ತಿಂದ್ರೂ ಜೊತೆಗೆ ಎಣ್ಣೆ ಇಲ್ದಿದ್ರೆ ಅದರ ಸತ್ವ ಮೈಗೆ ಹತ್ತಲ್ಲ." ಒಂದು ಹಳದಿ ಔಷಧಿಯನ್ನು ಚಮಚೆಯಲ್ಲಿ ಅಳೆದು ಅಲ್ಲೇ ಕುಡಿಸಿದರು. ಉಳಿದದ್ದನ್ನು ಯಾವಾಗ ಕೊಡಬೇಕೆಂದು ಹೇಳಿದರು. ನಾನು ಉಸಿರು ಬಿಟ್ಟೆ. ಅವರು ಬಿಡಲಿಲ್ಲ.

"ಇದು ಈಗ ಬಿದ್ದಿರೋ ಬೆಂಕಿ ಆರಿಸುತ್ತೆ ಅಷ್ಟೇ. ಬಾಟಲಿ ಮುಗಿದ ಮೇಲೂ ತಟ್ಟೆ ಹೀಗೇ ಇದ್ರೆ ಮತ್ತೆ ಬರ್ತೀರ. ಆಗ ಬರೀ ಸಂಜೆ ಕಾಣದೇ ಇರೋದಲ್ಲ, ಕಣ್ಣಿನ ಕಪ್ಪೇ ಕರಗಿಹೋಗಬಹುದು. ಆಮೇಲೆ ನನ್ನ ಕೈಲೂ ಇಲ್ಲ, ಯಾರ ಕೈಲೂ ಇಲ್ಲ. ಮನೇಲಿ ಅಡಿಗೆ ಮಾಡೋರು ಯಾರು?"

"ನಾನೇ" ಎಂದೆ.

ಅತ್ತಿಗೆಗಾಗಿ ಕೆ.ಎಂ.ದೊಡ್ಡಿ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಬಸ್ಸಿಳಿದವಳು ನನ್ನ ಮಾತು ಕೇಳುತ್ತಾ ಕೇಳುತ್ತಾ ಮಗಳ ಒರಟು ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ನಾನು ಸೊಸೆ ಕಣೆ. ನಾನು ಬಾಣಲೆ ಇಟ್ಟು ನಾಳೆ ಕೂಸಿಗೆ ಇನ್ನೊಂದಾದ್ರೆ, ಎತ್ತ ತಾಯೇ ಕಣ್ಣು ತೆಗುದ್ಲು ಅಂತಾರೆ. ನೀನು ಆ ಮನೆ ಮಗ್ಳು. ನಿನ್ನ ಅಜ್ಜಿ ಬೈದ್ರೂ ಬುಟ್ಟಾಕದಿಲ್ಲ. ನೀನು ಆಕು ಒಗ್ಗರಣೆಯ. ಒಂದು ತಟ್ಟೆ ಸೊಪ್ಪು, ಎಣ್ಣೆ ಬಿದ್ದ ಸೊಪ್ಪು, ನನ್ ಮಗಳ ಹೊಟ್ಟೆಗೆ ಓಗಂಗೆ ಮಾಡು. ಮಾಡ್ತೀಯಾ?"

ಕೈ ಚಾಚಿದಳು. ಬಸ್ಸುಗಳ ಹೊಗೆ, ಕಾಲೇಜು ಹುಡುಗರ ಗಲಾಟೆ, ಕಡಲೇಕಾಯಿ ಮಾರುವವನ ಕೂಗು, ಅದರ ನಡುವೆ ಅವಳ ಕೈ ಮೇಲೆ ಕೈಯಿಟ್ಟು ಮಾಡ್ತೀನತ್ತಿಗೆ ಎಂದು ಭಾಷೆ ಕೊಟ್ಟೆ.

ಭಾಷೆ ಕೊಡುವಾಗ ಇದ್ದ ಧೈರ್ಯ ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಅಜ್ಜಿ ಕೊಟ್ಟಿಗೆಗೆ ಹೋದದ್ದು ನೋಡಿ ಅಟ್ಟದಿಂದ ಡಬ್ಬಗಳನ್ನು ಇಳಿಸಿದೆ. ಬಾಣಲೆಗೆ ಕಡಲೇಕಾಯಿ ಎಣ್ಣೆ ಬಿಟ್ಟೆ. ಎಣ್ಣೆ ಕಾದು ಅಲೆಯಾಡತೊಡಗಿತು. ಸಾಸಿವೆ ನನ್ನ ಮುಷ್ಟಿಯಲ್ಲಿತ್ತು. ಮುಷ್ಟಿ ಬಿಚ್ಚಬೇಕು, ಅಷ್ಟೇ ಕೆಲಸ. ಡಾಕ್ಟರಮ್ಮ ಹೇಳಿದ್ದೆಲ್ಲ ತಲೆಯಲ್ಲಿತ್ತು. ತಲೆಯ ಕೆಳಗೆ ಇನ್ನೊಂದು ಕುಸುಮ ಇದ್ದಳು, ಬಿ.ಎ. ಓದದವಳು. ಕೋಣೆಯಲ್ಲಿ ಮಲಗಿರುವ ಕೂಸಿನ ಮೈಮೇಲೆ ಕುಂಕುಮದ ಮುದುಕಿ ತೂಕಡಿಸುತ್ತಿರುವುದು ಅವಳಿಗೆ ಕಾಣುತ್ತಿತ್ತು. ಡಾಕ್ಟರು ಸರಿ, ಆದರೆ ಕಥೆಯೂ ಸರಿಯಾಗಿದ್ದರೆ? ಇನ್ನುಳಿದಿರುವ ಹಗಲಿನ ಕಣ್ಣೂ ನನ್ನ ಈ ಒಂದು ಹಿಡಿಯಿಂದ ಹೋದರೆ? ತೇಜು ನಿದ್ದೆಯಲ್ಲಿ ಕೆಮ್ಮಿದಳು. ನಾನು ಗ್ಯಾಸು ಆರಿಸಿದೆ. ಬೆವರಿಗೆ ಅಂಟಿದ ಸಾಸಿವೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ತಿರುಗಿದರೆ ಬಾಗಿಲಲ್ಲಿ ಅಜ್ಜಿ.

"ಕಾದ ಎಣ್ಣೆ ವಾಸ್ನೆ ಕೊಟ್ಗೆಗಂಟ ಬಂತು" ಎಂದಳು. "ಏನ್ಲೇ, ಕೂಸಿನ ಕಣ್ಣು ತೆಗೀಬೇಕು ಅಂತ ಮಾಡಿದ್ದೀಯಾ?"

ಅಷ್ಟು ಸಾಕಾಯಿತು. ಮಾರ್ಕ್ಸ್ ಕಾರ್ಡಿನ ಸುಳ್ಳಿನಿಂದ ಹಿಡಿದು ಎಲ್ಲವನ್ನೂ ಅಳುತ್ತಾ ಹೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಿನ್ ಡಾಕ್ಟ್ರವ್ವ ಚರ್ಮ ನೋಡವ್ಳೆ. ಚರ್ಮದ ಮ್ಯಾಲೆ ಕೂತಿರೋಳ್ನ ನೋಡವ್ಳಾ? ಸರಿ ಬುಡು. ಸುಕ್ರುವಾರ ಇವತ್ತು. ಅಮ್ಮನ್ನೇ ಕೇಳವ. ಹೂವ ಕೊಟ್ರೆ ನೀನು ಬಾಣಲೆ ಇಡು. ಕೊಡನಿಲ್ವ, ಈ ಮಾತು ಮತ್ತೆ ಈ ಮನೇಲಿ ಬರಕೂಡದು."

ಸಂಜೆಗೆ ಮುಂಚೆ ಮೂವರೂ ನಾಲೆ ಏರಿ ಮೇಲೆ ನಡೆದು ಮಾರಮ್ಮನ ಗುಡಿಗೆ ಹೋದೆವು. ಪೂಜಾರಿ ಮಹದೇವಸ್ವಾಮಿ ಅಮ್ಮನ ಮೈಗೆ ಒದ್ದೆ ಹೂವುಗಳನ್ನು ಅಂಟಿಸಿದ. ಬಲಗಡೆಯ ಹೂವು ಬಿದ್ದರೆ ಅಪ್ಪಣೆಯಾಯಿತು ಅಂತ, ಎಡಗಡೆಯದು ಬಿದ್ದರೆ ಇಲ್ಲ ಅಂತ. ನನ್ನ ಜೀವವೆಲ್ಲ ಬಲಗಡೆಯ ಒಂದು ಕೆಂಪು ಕಣಗಿಲೆಯ ಮೇಲಿತ್ತು. ಅದು ಒಂದು ಸಲ ಸ್ವಲ್ಪ ಜಾರಿತು. ಅಲ್ಲೇ ನಿಂತಿತು. ಕರ್ಪೂರ ಆರಿತು, ಇನ್ನೊಂದು ಹಚ್ಚಿದರು, ಅದೂ ಆರಿತು. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ.

"ಯೋಚ್ನೆ ಮಾಡ್ತಾವ್ಳೆ ಕಣಜ್ಜಿ ತಾಯಿ" ಎಂದ ಮಹದೇವಸ್ವಾಮಿ. "ಮುಂದಿನ ಸುಕ್ರುವಾರ ಬನ್ನಿ."

ಮುಂದಿನ ಶುಕ್ರವಾರ. ಆಗಲೂ ಬೀಳದಿದ್ದರೆ ಅದರ ಮುಂದಿನದು. ನಾನು ಅಮ್ಮನ ಅಗಲ ಕಣ್ಣುಗಳನ್ನು ನೋಡಿದೆ. ನಿನಗೇನವ್ವ, ನಿನ್ನವು ಬೆಳ್ಳಿಯವು ಎಂದು ಮನಸ್ಸಿನಲ್ಲೇ ಅಂದೆ. ಅಂದ ತಕ್ಷಣ ಹೆದರಿ ಕೆನ್ನೆ ಬಡಿದುಕೊಂಡೆ.

ಹಿಂತಿರುಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬೆಳಕು ಪೂರ್ತಿ ಹೋಗಿರಲಿಲ್ಲ. ನಾಲೆಯಲ್ಲಿ ನೀರು ಏರಿಯ ಅಂಚಿನವರೆಗೂ ತುಂಬಿ ಹರಿಯುತ್ತಿತ್ತು. ತೇಜು ಅಜ್ಜಿಯ ಕೈ ಹಿಡಿದಿದ್ದಳು. ಹಿಂದಿನಿಂದ ಗೊಬ್ಬರದ ಟ್ರಾಕ್ಟರೊಂದು ಹಾರ್ನ್ ಹೊಡೆಯುತ್ತಾ ಬಂತು. ಅಜ್ಜಿ ಸೆರಗು ಸರಿಮಾಡಿಕೊಳ್ಳಲು ಕೈ ಬಿಟ್ಟಳು, ಅಷ್ಟೇ. ದಾರಿ ಅಲ್ಲಿ ಎಡಕ್ಕೆ ತಿರುಗುತ್ತದೆ. ತೇಜು ತಿರುಗಲಿಲ್ಲ. ನೆಟ್ಟಗೆ ನಡೆದಳು. ಓಡಲಿಲ್ಲ, ಎಡವಲಿಲ್ಲ. ಅಂಗಳದಲ್ಲಿ ನಡೆಯುವ ಹಾಗೆ ನೀರಿನ ಕಡೆಗೆ ನಡೆದಳು.

ಅಜ್ಜಿ, ಆ ವಯಸ್ಸಿನಲ್ಲಿ, ಹೇಗೆ ಹಾರಿದಳೋ. ಫ್ರಾಕಿನ ಬೆನ್ನು ಹಿಡಿದು ಜಗ್ಗಿದಳು. ಇಬ್ಬರೂ ಹುಲ್ಲಿನ ಮೇಲೆ ಬಿದ್ದರು. ತೇಜುವಿನ ಒಂದು ಚಪ್ಪಲಿ ನೀರಿಗೆ ಬಿದ್ದು ತೇಲಿಹೋಯಿತು.

"ಮುತ್ತಜ್ಜಿ," ತೇಜು ಬಿದ್ದಲ್ಲಿಂದಲೇ ಕೇಳಿದಳು, "ದಾರಿ ಎಲ್ಲೋಯ್ತು?"

ಅಜ್ಜಿ ಏಳಲಿಲ್ಲ. ಕೂಸನ್ನು ಎದೆಗವುಚಿಕೊಂಡು ಅಲ್ಲೇ ಕೂತಳು. ಆಮೇಲೆ ಅಂದಳು:

"ಪಟ್ಟಲೀನೂ ಇಂಗೇ ಕೇಳಿದ್ಲು."

"ಯಾರಜ್ಜಿ ಪಟ್ಟಲಿ?"

"ನನ್ ತಂಗಿ ಕಣವ್ವ. ಪಟ್ಟಲಮ್ಮ ಅಂತ. ನಾನು ಯೋಳ್ತಿದ್ನಲ್ಲ ಕತೆ, ಆ ಕಿರೀ ಕೂಸು ಅವ್ಳೇ. ಇರೀದು ನಾನು. ಮಳವಳ್ಳಿ ತಾವ ನಮ್ ತೌರುಮನೆ, ಆ ಎಂಚಿನ ಮನೆ ಅದೇಯ."

ಇಷ್ಟು ವರ್ಷ ಒಂದಾನೊಂದು ಊರು ಎಂದುಕೊಂಡಿದ್ದು ಮಳವಳ್ಳಿ ಪಕ್ಕದ ಊರು. ಆ ತಾಯಿ ನನ್ನ ಮುತ್ತಜ್ಜಿ.

"ಅವಳಿಗೆ ಕಣ್ಣು ಹೋಗಿದ್ದು ನೀನೇ ನೋಡಿದ್ಯಾ?"

"ನೋಡ್ದೆ ಇರ್ತೀನಾ? ಕೈ ಇಡ್ಕಂಡು ತಿರುಗಿದ್ದೋಳೇ ನಾನು. ಅಮ್ಮ ಎದ್ದು ಎಷ್ಟು ದಿನಾದ್ರೂ ಓಗ್ನಿಲ್ಲ. ಮೈಯೆಲ್ಲ ಇಂಗೇ, ನೋಡು, ಇಂಗೇ ಮುಳ್ಳು ಮುಳ್ಳು. ಗಂಜಿ ಉಪ್ಪು ಬುಟ್ರೆ ಇನ್ನೇನೂ ಕೊಡ್ತಿರ್ನಿಲ್ಲ. ಒಂದ್ ಸಂಜೆ ಬಾವಿಕಟ್ಟೆ ತಾವ ನಿಂತ್ಕಂಡು, ಅಕ್ಕ ದಾರಿ ಎಲ್ಲೋಯ್ತು ಅಂದ್ಲು. ಆಮ್ಯಾಲೆ ಊಟಾನೂ ಬುಟ್ಬುಟ್ಲು. ನಮ್ಮವ್ವಂಗೆ ತಡ್ಕಳಕ್ಕಾಗ್ನಿಲ್ಲ. ಕೂಸು ಒಂದ್ ತುತ್ತು ತಿನ್ಲಿ ಅಂತ ಸೊಪ್ಪಿಗೆ ಒಗ್ಗರಣೆ ಆಕುದ್ಲು. ಎಲ್ಡು ದಿನುಕ್ಕೆ ಅಗಲೂ ಕಾಣ್ದಂಗೆ ಓಯ್ತು. ನಮ್ಮಪ್ಪ ನಮ್ಮವ್ವನ್ನ ಬಡುದ್ರು. ಊರೋರೆಲ್ಲ ಉಗುದ್ರು. ನಮ್ಮವ್ವ ಸಾಯೋಗಂಟ ಬಾಣಲೆ ಮುಟ್ನಿಲ್ಲ."

ನೀರು ಹರಿಯುವ ಸದ್ದು. ನಾನು ಕಥೆ ಕೇಳಿ ಬೆಳೆದವಳು. ಕಥೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಒಂದು ಕೂದಲಿನಷ್ಟು ತಪ್ಪಿದರೂ ಚಿಕ್ಕವಳಿದ್ದಾಗ ಅಜ್ಜಿಯನ್ನು ತಡೆದು ನಿಲ್ಲಿಸುತ್ತಿದ್ದೆ. ಅಲ್ಲೂ ತಡೆದೆ.

"ಅಜ್ಜಿ, ಒಸಿ ನಿಲ್ಲು. ಕಥೇಲಿ ಮೊದಲು ಸಾಸಿವೆ ಸಿಡಿಯುತ್ತೆ, ಆಮೇಲೆ ಕಣ್ಣು ಹೋಗುತ್ತೆ. ನೀನೀಗ ಹೇಳಿದ್ದರಲ್ಲಿ ಬಾವಿಕಟ್ಟೆ ಹತ್ರ ಕಾಣದೆ ನಿಂತಿದ್ದು ಮೊದಲು. ಸಾಸಿವೆ ಆಮೇಲೆ."

ಅಜ್ಜಿ ನನ್ನ ಕಡೆ ತಿರುಗಿದಳು.

"ಏನಂದೆ?"

"ಒಗ್ಗರಣೆ ಹಾಕೋ ಮೊದಲೇ ಪಟ್ಟಲಜ್ಜಿಯ ಕಣ್ಣು ಹೋಗ್ತಾ ಇತ್ತು. ನಿಮ್ಮವ್ವ ಅದನ್ನ ಉಳಿಸೋಕೆ ನೋಡಿದ್ದು. ತಡವಾಗಿತ್ತು ಅಷ್ಟೇ."

ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ಬಾವಿಕಟ್ಟೆ, ಆಮೇಲೆ ಊಟ ಬಿಟ್ಟದ್ದು, ಆಮೇಲೆ ಬಾಣಲೆ ಎಂದು ಒಳಗೊಳಗೇ ಪೋಣಿಸಿ ನೋಡುತ್ತಿದ್ದಳೋ ಏನೋ. ಕತ್ತಲಾಯಿತು. ನಾನು ತೇಜುವನ್ನು ಬೆನ್ನ ಮೇಲೆ ಹೊತ್ತುಕೊಂಡೆ. ಮನೆಗೆ ಬಂದ ಮೇಲೆ ಅಜ್ಜಿ ಊಟಕ್ಕೂ ಏಳಲಿಲ್ಲ.

ಮಾರನೆಯ ದಿನ ಅವಳು ಆಗಲಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅಣ್ಣ, ಅತ್ತಿಗೆ ಕೆಲಸಕ್ಕೆ ಹೋದರು. ನಾನು ಹಿತ್ತಿಲಿನ ನುಗ್ಗೆ ಕೊಂಬೆ ಬಗ್ಗಿಸಿ ಎಳೆ ಸೊಪ್ಪು ತಂದೆ. ಎಲೆ ಬಿಡಿಸುತ್ತಾ ಕೂತಾಗ ಅಜ್ಜಿ ಬಂದಳು. ಈಗ ಮೊರವನ್ನು ಕಿತ್ತೆಸೆಯುತ್ತಾಳೆ ಎಂದುಕೊಂಡೆ. ಅವಳು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾನು ಸೊಪ್ಪಿನ ಜೊತೆ ಬಿಟ್ಟಿದ್ದ ಕಡ್ಡಿಗಳನ್ನು ಆರಿಸಿ ಆಚೆ ಹಾಕಿದಳು.

"ಕಡ್ಡಿ ಗಂಟ್ಲಿಗೆ ಸಿಕ್ಕತದೆ ಕೂಸಿಗೆ" ಎಂದಳು. ಅಷ್ಟೇ ಮಾತು.

ಹೆಸರುಕಾಳಿನ ಜೊತೆ ಸೊಪ್ಪು ಬೆಂದಿತು. ಕಟ್ಟು ಬಸಿದೆ. ಬಾಣಲೆ ಇಟ್ಟು ಎಣ್ಣೆ ಬಿಟ್ಟೆ. ಸಾಸಿವೆ ನಿನ್ನೆಯ ಹಾಗೆಯೇ ಮುಷ್ಟಿಯಲ್ಲೇ ಉಳಿಯಿತು. ನಾಲೆಯ ಮೇಲೆ ಅಷ್ಟು ಮಾತಾಡಿದ್ದೆನಲ್ಲ, ಒಂದೂ ನೆರವಿಗೆ ಬರಲಿಲ್ಲ. ತಿರುಗಿ ನೋಡಿದೆ. ಅಜ್ಜಿ ತೇಜುವನ್ನು ಎತ್ತಿಕೊಂಡು ಬಂದು ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದಳು. ಓಡಿಹೋಗಿ ದೂರ ಕೂರಬಹುದಿತ್ತು. ಕೂರಲಿಲ್ಲ. ಕೂಸಿನ ತಲೆಯನ್ನು ಸೆರಗಿನೊಳಗೆ ಹುದುಗಿಸಿ, ಎರಡು ಅಂಗೈಯನ್ನೂ ಅದರ ಕಣ್ಣ ಮೇಲೆ ಒತ್ತಿ ಹಿಡಿದಿದ್ದಳು. ಅವಳ ಕಣ್ಣೂ ಮುಚ್ಚಿತ್ತು.

"ತಣ್ಗೆ ಓಗವ್ವ ತಾಯಿ" ಎನ್ನುತ್ತಿದ್ದಳು. "ಇದ್ರೆ ಎದ್ದು ತಣ್ಗೆ ಓಗವ್ವ. ಏನೂ ಎತ್ಕಂಡೋಗ್ಬೇಡ. ಬೇಕಾದ್ರೆ ನನ್ನವ ತಕ್ಕೊ, ನಾನು ನೋಡೋದೆಲ್ಲ ನೋಡಿದ್ದೀನಿ. ಕೂಸಿಂದ ಬುಟ್ಬುಡು."

ನಾನು ಮುಷ್ಟಿ ಬಿಚ್ಚಿದೆ.

ಒಂದು ಕಾಳು ಸಿಡಿಯಿತು. ಅಜ್ಜಿಯ ಭುಜ ಹೊಡೆತ ಬಿದ್ದ ಹಾಗೆ ಅದುರಿತು. ಆಮೇಲೆ ಎಲ್ಲವೂ ಒಮ್ಮೆಲೇ ಸಿಡಿದವು. ಆ ಸದ್ದು ಎಷ್ಟು ದೊಡ್ಡದಾಗಿ ಕೇಳಿತೆಂದರೆ ಊರೆಲ್ಲ ಬಾಗಿಲು ತೆರೆದು ನಮ್ಮ ಕಡೆ ನೋಡುತ್ತಿದೆ ಎನ್ನಿಸಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವು ಹಾಕಿದೆ. ಸೊಪ್ಪು ಸುರಿದೆ. ಚುಂಯ್ ಎಂದು ಹೊಗೆ ಎದ್ದು, ಸದ್ದು ಅಡಗಿತು. ಸೌಟು ಹಿಡಿದು ನಿಂತೇ ಇದ್ದೆ. ಹಿಂದೆ ತಿರುಗಲು ಧೈರ್ಯವಿಲ್ಲ.

"ಮುತ್ತಜ್ಜಿ, ಕೈ ತೆಗಿ" ತೇಜುವಿನ ದನಿ. "ಉಸುರ್ ಕಟ್ತದೆ."

ಅಜ್ಜಿ ಒಂದು ಕೈ ತೆಗೆದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

"ನನ್ ಮೂಗಲ್ಲಿ ಏನದೆ ಯೋಳು" ಎಂದಳು.

"ಮೂಗುಬೊಟ್ಟು."

"ಕಲ್ಲು ಎಷ್ಟವೆ?"

"ಒಂದು ಬಿದ್ದೋಗದೆ" ಎಂದಳು ತೇಜು. ಅಲ್ಲಿ ಕಲ್ಲು ಬಿದ್ದುಹೋಗಿದ್ದು ನನಗೂ ಗೊತ್ತಿರಲಿಲ್ಲ.

ಅಜ್ಜಿ ತಟ್ಟೆಗೆ ಕೈ ಚಾಚಿದಳು. ಬಿಸಿ ಮುದ್ದೆ ಮುರಿದು, ಎಣ್ಣೆ ಮಿರುಗುವ ಸೊಪ್ಪನ್ನು ಅದರ ಮೇಲಿಟ್ಟು, ಊದಿದಳು. ಕೊಡುವ ಮೊದಲು ತಾನೇ ಒಂದು ತುತ್ತು ಬಾಯಿಗೆ ಹಾಕಿಕೊಂಡು ನುಂಗಿ, ಏನಾದರೂ ಆಗುತ್ತದೇನೋ ಎಂದು ಬಾಗಿಲ ಕಡೆ ನೋಡುತ್ತಾ ಕಾದಳು. ಏನೂ ಆಗಲಿಲ್ಲ. ಬೀದಿಯಲ್ಲಿ ಪಾತ್ರೆಯವನ ಆಟೋ ಮೈಕು ಹಾಕಿಕೊಂಡು ಹೋಯಿತು. ಆಮೇಲೆ ತೇಜುವಿನ ಬಾಯಿಗಿಟ್ಟಳು.

ತೇಜು ಅಗಿದಳು. ಎಂದಿನ ಹಾಗೆ ಉಗುಳುತ್ತಾಳೆಂದು ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳು ಗುಟುಕ್ಕನೆ ನುಂಗಿ, ಮತ್ತೆ ಬಾಯಿ ತೆರೆದಳು.

ತುತ್ತು ತುತ್ತಿಗೂ ಅಜ್ಜಿ ಅವಳ ಕಣ್ಣು ನೋಡುತ್ತಿದ್ದಳು. ಹೆದರಿಕೆ ಹೋಗಿರಲಿಲ್ಲ, ಅವಳಿಗೂ ಇಲ್ಲ, ನನಗೂ ಇಲ್ಲ. ಸಂಜೆಗೆ ಏನು ಕಾಣುತ್ತದೋ, ನಾಳೆ ಸಂಜೆಗೆ ಏನೋ, ಈ ಒರಟು ಮೈ ಯಾವಾಗ ನುಣುಪಾಗುತ್ತದೋ, ಒಂದೂ ಗೊತ್ತಿರಲಿಲ್ಲ. ಆದರೂ ತಟ್ಟೆ ಬರಿದಾಗುತ್ತಾ ಬಂತು.

ಅತ್ತಿಗೆಯ ಊಟದ ಬಿಡುವಿನ ಹೊತ್ತಿಗೆ ಅವಳ ಫೋನು ಬಂತು. ಹಿಂದೆ ಮಿಷನ್ನುಗಳ ಸದ್ದು, ಯಾರೋ ನಗುವುದು. ಅವಳ ಉಸಿರು ಮಾತ್ರ ಕೇಳುತ್ತಿತ್ತು. ಕೇಳಲು ಅವಳಿಗೂ ಹೆದರಿಕೆ.

"ಅತ್ತಿಗೆ," ಎಂದೆ, "ತಿಂದಳು."